ಕಾಲು ಪಾಲಿನ ಕೀರ್ತಿ

ಶಾಲೆ ಬಿಟ್ಟ ಮೇಲೆ ಬಡಮಕ್ಕಳಿಗೆ ಪಾಠ ಹೇಳಿಸಲು ಸರ್ಕಾರ ದುಡ್ಡು ಹಾಕಬೇಕೇ ಎಂಬ ಚರ್ಚೆ ಎದ್ದರೆ ಸಾಕು, ಯಾರಾದರೊಬ್ಬರು ತಮಿಳುನಾಡಿನ ಕಡೆ ಕೈ ತೋರಿಸುತ್ತಾರೆ. ಅಲ್ಲಿನ ಯೋಜನೆಯ ಹೆಸರು ‘ಇಲ್ಲಂ ತೇಡಿ ಕಲ್ವಿ’, ಅಂದರೆ ಮನೆ ಹುಡುಕಿಕೊಂಡು ಬರುವ ಕಲಿಕೆ. 2021ರ ಅಕ್ಟೋಬರಿನಲ್ಲಿ ಆಗಿನ ಮುಖ್ಯಮಂತ್ರಿ ಸ್ಟಾಲಿನ್ ಅವರ ಸರ್ಕಾರ ಮರಕ್ಕಾಣಂ ಬಳಿ ಇದಕ್ಕೆ ಚಾಲನೆ ಕೊಟ್ಟಿತು. ಖರ್ಚಿನ ಅಂದಾಜು ಸುಮಾರು 200 ಕೋಟಿ ರೂಪಾಯಿ. ಸಂಜೆ ಐದರಿಂದ ಏಳರ ನಡುವೆ ಒಂದೋ ಒಂದೂವರೆಯೋ ಗಂಟೆ, ಒಂದರಿಂದ ಎಂಟನೇ ತರಗತಿಯ ಮಕ್ಕಳು, ಪಾಠಕ್ಕೆ ಹೆಚ್ಚಾಗಿ ಅದೇ ಊರಿನ ಓದಿದ ಹೆಂಗಸರು. ಪಾಠ ಹೇಳುವವರು ಆಗ ಸುಮಾರು ಎರಡು ಲಕ್ಷ ಇದ್ದರು. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿ ಮಕ್ಕಳು ಕಳೆದುಕೊಂಡ ಕಲಿಕೆಯನ್ನು ತುಂಬಿಕೊಡುವುದು ಉದ್ದೇಶ.

ಯೋಜನೆಗೆ ಹೆಸರು ತಂದುಕೊಟ್ಟದ್ದು ಒಂದು ಅಂಕಿ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಸಿಂಗ್, ಮೌರಿಸಿಯೊ ರೊಮೇರೊ, ಕಾರ್ತಿಕ್ ಮುರಳೀಧರನ್ ತಮಿಳುನಾಡಿನ ಸುಮಾರು 19,000 ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆದು 2022ರಲ್ಲಿ ಪ್ರಬಂಧ ಬರೆದರು. ಶಾಲೆ ತೆರೆದ ಆರು ತಿಂಗಳಲ್ಲಿ ಕಲಿಕೆಯ ಕೊರತೆಯಲ್ಲಿ ಮೂರರಲ್ಲಿ ಎರಡು ಪಾಲು ತುಂಬಿಕೊಂಡಿತು, ಆ ಚೇತರಿಕೆಯ ಶೇ. 24ರಷ್ಟು ಈ ಸಂಜೆ ಪಾಠದ್ದು ಎಂದರು. ‘ಕಾಲು ಪಾಲು’ ಅಲ್ಲಿಂದ ಹೊರಟಿತು. ಈಗ ಭಾಷಣಗಳಲ್ಲಿ ‘ಕಲಿಕಾ ನಷ್ಟದ ಕಾಲು ಭಾಗ ತುಂಬಿತು’ ಎಂದೇ ಕೇಳಿಬರುತ್ತದೆ.

ನಷ್ಟದ ಕಾಲಲ್ಲ, ಚೇತರಿಕೆಯ ಕಾಲು. ಕಳೆದುಹೋದದ್ದು 100 ಎಂದಿಟ್ಟುಕೊಳ್ಳಿ. ಮರಳಿ ಬಂದದ್ದು 67ರ ಸುಮಾರು. ಅದರಲ್ಲಿ ಸಂಜೆ ಪಾಠದ್ದು 16. ಮಿಕ್ಕ 51 ಯಾರ ಲೆಕ್ಕಕ್ಕೆ? ಬಹುಪಾಲು, ಬಹುಶಃ, ಬಾಗಿಲು ತೆರೆದ ಮಾಮೂಲಿ ಸರ್ಕಾರಿ ಶಾಲೆಯದು, ಎಲ್ಲರೂ ಬೈಯುವ ಮೇಷ್ಟ್ರದು. ಅವರಿಗೆ ಯಾವ ಭಾಷಣದಲ್ಲೂ ಚಪ್ಪಾಳೆ ಬೀಳಲಿಲ್ಲ. ಮೇಲಾಗಿ ಇದು ಚೀಟಿ ಎತ್ತಿ ಮಕ್ಕಳನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗವಲ್ಲ. ಬಂದವರನ್ನೂ ಬಾರದವರನ್ನೂ ಹೋಲಿಸಿ, ಹಳೆಯ ಅಂಕಗಳನ್ನು ಸರಿದೂಗಿಸಿ ಕಟ್ಟಿದ ಅಂದಾಜು. ಎಚ್ಚರದ ಅಂದಾಜೇ, ಒಪ್ಪುತ್ತೇನೆ. ಬಡವರ ಮಕ್ಕಳೇ ಹೆಚ್ಚಾಗಿ ಬಂದರೆಂಬುದೂ ಸಣ್ಣ ಮಾತಲ್ಲ. ನನ್ನ ಜಗಳ ಪ್ರಬಂಧದೊಡನೆ ಅಲ್ಲ, ಅದರ ಒಂದು ಸಾಲನ್ನು ಹರಿದು ಜೇಬಿಗಿಟ್ಟುಕೊಂಡವರೊಡನೆ.

ಅವರು ಅಂಕಿಯ ಬೆನ್ನಿಗೇ ಹೇಳುವ ಮಾತು, ‘ಎಷ್ಟು ಅಗ್ಗ ನೋಡಿ’. ಅಗ್ಗ ಹೇಗಾಯಿತು? ಪಾಠ ಹೇಳುವವಳನ್ನು ತಮಿಳಿನಲ್ಲಿ ‘ತನ್ನಾರ್ವಲರ್’ ಎಂದು ಕರೆದರು: ತನ್ನ ಆಸೆಯಿಂದಲೇ ಬಂದವಳು. ಅವಳಿಗೆ ತಿಂಗಳಿಗೆ ಕೊಟ್ಟ 1,000 ರೂಪಾಯಿ ಸಂಬಳವಲ್ಲ, ‘ಊಕ್ಕತ್ತೊಗೈ’, ಹುರುಪು ತುಂಬುವ ಮೊತ್ತ. ದಿನಕ್ಕೆ ಒಂದೂವರೆ ಗಂಟೆ, ತಿಂಗಳಿಗೆ 20 ದಿನ ಅಂತ ಹಿಡಿದರೂ ಗಂಟೆಗೆ 33 ರೂಪಾಯಿ. ಆಸೆಯಿಂದ ಬಂದವಳಿಗೆ ಕೊಡುವ ಹುರುಪಿನ ದುಡ್ಡಿಗೆ ಕನಿಷ್ಠ ಕೂಲಿಯ ಕಾಯ್ದೆ ತಾಗುವುದಿಲ್ಲ. ಇಡೀ ಯೋಜನೆಯ ಅರ್ಥಶಾಸ್ತ್ರ ಈ ಎರಡು ಪದಗಳ ಮೇಲೆ ನಿಂತಿತ್ತು. ನಾವೇನು ಕಡಿಮೆ? ಆಶಾ, ಅಂಗನವಾಡಿ, ಬಿಸಿಯೂಟ ಎಲ್ಲಕ್ಕೂ ನಮ್ಮಲ್ಲಿ ‘ಗೌರವಧನ’ ಎಂಬ ಮರ್ಯಾದಸ್ಥ ಪದವಿದೆ.

ಯೋಜನೆ ಶುರುವಾದಾಗ ಅಲ್ಲಿಯ ಕೆಲವು ಎಡಪಂಥೀಯರೂ ದ್ರಾವಿಡ ಚಳವಳಿಯವರೂ ಎತ್ತಿದ ತಕರಾರು ಬೇರೆ: ಇದು ಕೇಂದ್ರದ ಹೊಸ ಶಿಕ್ಷಣ ನೀತಿಯ ಹಿಂಬಾಗಿಲು, ಸ್ವಯಂಸೇವಕರ ವೇಷದಲ್ಲಿ ಆರೆಸ್ಸೆಸ್‌ನವರು ನುಸುಳುತ್ತಾರೆ ಎಂದು. ಯಾರು ನುಸುಳುತ್ತಾರೆಂದು ಕಾವಲು ಕೂತವರಿಗೆ, ಎದುರಿಗೇ ನಿಂತಿದ್ದ ಹೆಂಗಸಿಗೆ ಎಷ್ಟು ಕೊಡುತ್ತಿದ್ದಾರೆಂಬುದು ಕಾಣಲಿಲ್ಲ. ಕಾರ್ಮಿಕರ ಹೆಸರಿನಲ್ಲಿ ರಾಜಕೀಯ ಮಾಡುವವರೇ ಇಲ್ಲಿ ಕಾರ್ಮಿಕಳನ್ನು ಗುರುತಿಸಲಿಲ್ಲವೆಂದರೆ ಅದನ್ನು ವಿಮರ್ಶೆ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಕರ್ನಾಟಕದಲ್ಲೂ ಅದನ್ನೇ ಮಾಡಿ ಎನ್ನುವವರು ನಮ್ಮ ‘ವಿದ್ಯಾಗಮ’ವನ್ನು ಮರೆತಂತಿದೆ. 2020ರಲ್ಲಿ ಶಾಲೆ ಮುಚ್ಚಿದ್ದಾಗ ಸರ್ಕಾರಿ ಶಿಕ್ಷಕರೇ ವಠಾರಕ್ಕೆ ಹೋಗಿ ಮರದ ಕೆಳಗೆ, ಗುಡಿಯ ಕಟ್ಟೆಯ ಮೇಲೆ ಪಾಠ ಮಾಡಿದರು. ಅಕ್ಟೋಬರಿನಲ್ಲಿ ಸೋಂಕಿನ ಭಯಕ್ಕೆ ಅದು ನಿಂತಿತು. ಕುಂದು ಬೇಕಾದಷ್ಟಿತ್ತು. ಆದರೆ ವಠಾರಕ್ಕೆ ಬಂದವರು ಸಂಬಳದ ಮೇಷ್ಟ್ರು, ಕೆಲಸ ಕೆಟ್ಟರೆ ಕೇಳುವುದಕ್ಕೆ ಒಬ್ಬರಿದ್ದರು.

ಸಂಜೆ ಪಾಠ ಬೇಡವೆನ್ನುತ್ತಿಲ್ಲ. ಟ್ಯೂಷನ್ನಿಗೆ ಕಳಿಸಲಾಗದ ಮನೆಯ ಮಗುವಿಗೆ ಆ ಒಂದೂವರೆ ಗಂಟೆ ದೊಡ್ಡದೇ. ಆದರೆ ಹದಿನಾರರ ಕೆಲಸಕ್ಕೆ ಇಪ್ಪತ್ತೈದರ ಕೀರ್ತಿ ಕಟ್ಟಿ, ಅದನ್ನು ಮಾಡಿದವಳ ಕೈಗೆ ಗಂಟೆಗೆ 33 ರೂಪಾಯಿ ಇಡುವುದನ್ನು ಮಾದರಿ ಎನ್ನಬೇಡಿ. ಸರ್ಕಾರಿ ಶಾಲೆಗಳು ಬರುವ ಮೊದಲು ನಮ್ಮ ಹಳ್ಳಿಗಳಲ್ಲಿ ಜಗಲಿಯ ಮೇಲೆ ಅಕ್ಷರ ಕಲಿಸುತ್ತಿದ್ದ ಐಗಳ ಶಾಲೆಗೆ ಜನ ಇಟ್ಟ ಹೆಸರು ಕೂಲಿಮಠ. ಕಲಿಸುವುದಕ್ಕೆ ಕೂಲಿ ಉಂಟೆಂದು ಅದು ಬಾಗಿಲಲ್ಲೇ ಹೇಳುತ್ತಿತ್ತು.