ಹಸಿಮರಕ್ಕೆ ನೆರಳು

ಮಡಿವಾಳ ಮಾಚಿದೇವನ ಜನ್ಮಸ್ಥಳವೆಂದು ಪ್ರಖ್ಯಾತವಾದ ದೇವರ ಹಿಪ್ಪರಗಿಯ ಬಿಸಿಲು ಒಗೆದ ಬಟ್ಟೆಗೆ ಎಷ್ಟು ಹಿತವೋ ಕಡಿದ ಹಸಿಮರಕ್ಕೆ ಅಷ್ಟೇ ಘಾತುಕವಾದುದು. ವೈಶಾಖದ ಮಧ್ಯಾಹ್ನ, ಉಷ್ಣಮಾನವು ೪೦ ಡಿಗ್ರಿಯನ್ನು ಮುಟ್ಟಿ ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ ೨೦ರ ಆಸುಪಾಸಿಗೆ ಇಳಿದಿರುವಾಗ, ಬೇವಿನದೋ ಲಿಂಬಿಯದೋ ಒಂದು ತುಂಡನ್ನು ಅಂಗಳದಲ್ಲಿ ಮರೆತುಬಿಟ್ಟರೆ, ದೀಪ ಹಚ್ಚುವ ಹೊತ್ತಿಗೆ ಅದರ ಕೊಯ್ದ ಮುಖದ ಮೇಲೆ ತಿರುಳಿನಿಂದ ತೊಗಟೆಯ ಕಡೆಗೆ ಕೂದಲೆಳೆಯಂಥ ಗೆರೆಗಳು ಮೂಡಿರುತ್ತವೆ. ನಾಲ್ಕು ದಿನ ಬಿಟ್ಟು ನೋಡಿದರೆ ಅವುಗಳಲ್ಲಿ ನಾಣ್ಯವನ್ನು ತೂರಿಸಬಹುದು. ‘ನಮ್ಮ ಕಡೆ ಕಟಗಿ ಒಣಗಸೂದೇನ್ ದೊಡ್ಡ ಮಾತರೀ’ ಎನ್ನುವ ಮಿತ್ರರಿಗೆ ನಾನು ಈ ಗೆರೆಗಳನ್ನು ತೋರಿಸುವುದುಂಟು. ಮರವನ್ನು ಬೇಗನೆ ಒಣಗಗೊಡದಿರುವುದೇ ಈ ಸೀಮೆಯಲ್ಲಿ ಬಟ್ಟಲು ಕಡೆಯುವವನ ಅರ್ಧ ವಿದ್ಯೆ.

ಕಾರಣವನ್ನು ಅರಿತುಕೊಳ್ಳುವುದು ಕಷ್ಟವಲ್ಲ. ಹಸಿಮರದೊಳಗಿನ ನೀರು ಎರಡು ಬಗೆಯಾಗಿರುತ್ತದೆ. ಕೋಶಗಳ ಪೊಳ್ಳಿನಲ್ಲಿ ಸುಮ್ಮನೆ ನಿಂತ ನೀರು ಮೊದಲು ಹೊರಟುಹೋಗುವುದು. ಇದರಿಂದ ತೂಕ ಇಳಿಯುವುದೇ ಹೊರತು ಗಾತ್ರ ಇಳಿಯದು. ತೇವವು ಮರದ ಒಣತೂಕದ ನೂರಕ್ಕೆ ೩೦ರ ಸುಮಾರಿಗೆ ಬಂದ ತರುವಾಯ, ಕೋಶಭಿತ್ತಿಗಳಲ್ಲಿಯೇ ಅಂಟಿಕೊಂಡಿದ್ದ ನೀರು ಹೊರಡತೊಡಗಿದಾಗ, ಮರ ಕುಗ್ಗಲಾರಂಭಿಸುತ್ತದೆ. ಅದೂ ಎಲ್ಲ ದಿಕ್ಕಿಗೆ ಸಮನಾಗಿ ಅಲ್ಲ. ನಾರಿನ ಉದ್ದಕ್ಕೆ ಕುಗ್ಗುವುದು ನಗಣ್ಯ. ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಇಮ್ಮಡಿಯಷ್ಟು ವಲಯಗಳ ಸುತ್ತಿನಲ್ಲಿ ಕುಗ್ಗುತ್ತದೆ. ಆದಕಾರಣ ತಿರುಳನ್ನು ಒಡಲಲ್ಲಿಟ್ಟುಕೊಂಡ ದುಂಡು ದಿಮ್ಮಿ ಸೀಳದೆ ಒಣಗುವುದು ದುರ್ಲಭ. ಇದರ ಮೇಲೆ ಹೊರಮೈ ಒಣಗಿ ಬಿಗಿಯುತ್ತಿರುವಾಗ ಒಳಗು ಇನ್ನೂ ನೀರುಂಡು ಉಬ್ಬಿಯೇ ಇದ್ದರೆ, ಡೋಣಿ ದಂಡೆಯ ಎರೆಭೂಮಿ ಬೇಸಿಗೆಯಲ್ಲಿ ಬಾಯಿಬಿಡುವ ಹಾಗೆ ಮರವೂ ಬಾಯಿಬಿಡುತ್ತದೆ.

ಆದುದರಿಂದ ಬಲ್ಲವರು ಮರವನ್ನು ಸೀಗೀ ಹುಣ್ಣಿಮೆಗೂ ಎಳ್ಳಮಾಸಿಗೂ ನಡುವಣ ತಂಪುಗಾಲದಲ್ಲಿ ಕಡಿಸಿ, ಕಡಿದ ದಿನವೇ ದಿಮ್ಮಿಯನ್ನು ತಿರುಳಿನ ನೇರಕ್ಕೆ ಎರಡು ಹೋಳು ಮಾಡಿ, ತಿರುಳಿನ ಪಟ್ಟಿಯನ್ನು ನಿರ್ದಾಕ್ಷಿಣ್ಯವಾಗಿ ತೆಗೆದುಹಾಕುತ್ತಾರೆ. ಕೊಯ್ದ ಮುಖಗಳಿಂದ ನೀರು ಪಕ್ಕದ ಮೈಗಿಂತ ಎಷ್ಟೋ ಪಟ್ಟು ವೇಗವಾಗಿ ಹಾರುವುದರಿಂದ ಅವಕ್ಕೆ ಕರಗಿಸಿದ ಮೇಣವನ್ನು ಬಳಿಯಬೇಕು. ಅನಂತರ, ಮರ ಇನ್ನೂ ಹಸಿಯಾಗಿದ್ದು ಉಳಿಯ ಬಾಯಿಗೆ ನೀರು ಚಿಮ್ಮುತ್ತಿರುವಾಗಲೇ, ಲೇತಿಗೆ ಏರಿಸಿ ಬಟ್ಟಲಿನ ಒರಟು ರೂಪವನ್ನು ಕಡೆದುಬಿಡುವುದು. ಗೋಡೆಯ ದಪ್ಪ ಅಡ್ಡಳತೆಯ ಹತ್ತನೆಯ ಒಂದು ಪಾಲು ಇರಬೇಕೆಂಬುದು ಲೋಕದಲ್ಲೆಲ್ಲ ರೂಢವಾದ ಲೆಕ್ಕ. ಎಂಟಂಗುಲದ ಬಟ್ಟಲಿಗೆ ಮುಕ್ಕಾಲು ಅಂಗುಲಕ್ಕಿಂತ ತುಸು ಮಿಗಿಲು. ಒಣಗುತ್ತ ಒಣಗುತ್ತ ಬಟ್ಟಲು ಅಂಡಾಕಾರಕ್ಕೆ ತಿರುಗುವುದು ಅನಿವಾರ್ಯವಾಗಿರುವುದರಿಂದ, ಮುಂದೆ ಅದನ್ನು ಮತ್ತೆ ದುಂಡಗೆ ಕಡೆಯಲು ಇಷ್ಟು ಮರ ಮಿಗಲೇಬೇಕು.

ಈ ಒರಟು ಬಟ್ಟಲನ್ನು ಎಲ್ಲಿಡಬೇಕೆಂಬುದರಲ್ಲಿ ಮತಭೇದಗಳುಂಟು. ಹಗೇವಿನಲ್ಲಿಟ್ಟರೆ ತಂಪಾಗಿರುತ್ತದಲ್ಲವೆ ಎಂದು ಕೇಳುವವರಿದ್ದಾರೆ. ನೆಲದೊಳಗಿನ ಆ ಕಣಜದಲ್ಲಿ ಗಾಳಿಯಾಡುವುದಿಲ್ಲ. ಬಾಯಿ ತೆರೆದು ಕೆಟ್ಟ ಗಾಳಿ ಹೋಗುವತನಕ ಮನುಷ್ಯನೇ ಇಳಿಯಬಾರದ ಜಾಗದಲ್ಲಿ ಹಸಿಮರ ಬೂಷ್ಟು ಹಿಡಿದು ಕಪ್ಪಾಗುವುದು ನಿಶ್ಚಯ. ಜೋಳದ ಚೀಲದಲ್ಲಿ ಹುಗಿಯುವ ವಿಚಾರವನ್ನಂತೂ ಮನೆಯ ಹೆಣ್ಣುಮಕ್ಕಳ ಮುಂದೆ ಎತ್ತದಿರುವುದು ಕ್ಷೇಮ. ಬಟ್ಟಲು ಬಿಟ್ಟ ನೀರನ್ನು ಕುಡಿದು ಕೆಡುವುದು ಜೋಳವೇ. ನನ್ನ ಮತದಲ್ಲಿ ಹಳೆಯ ಮಾಳಿಗೆಮನೆಯ, ಎರಡು ಮೊಳ ದಪ್ಪದ ಮಣ್ಣಗೋಡೆಯ ಒಳಕೋಣೆಗೆ ಸಮನಾದುದು ಇನ್ನೊಂದಿಲ್ಲ. ಅಲ್ಲಿ, ಕಡೆಯುವಾಗ ಉದುರಿದ ಸುರುಳಿ ಸಿಪ್ಪೆಗಳ ಜೊತೆಗೇ ಬಟ್ಟಲನ್ನು ಗೋಣಿಚೀಲದಲ್ಲಿ ಕಟ್ಟಿ, ವಾರಕ್ಕೊಮ್ಮೆ ತೆಗೆದು ತೂಗಿ, ತೂಕವನ್ನು ಅದರ ತಳದಲ್ಲಿಯೇ ಪೆನ್ಸಿಲಿನಿಂದ ಬರೆದಿಡತಕ್ಕದ್ದು. ಮೊದಮೊದಲು ಅಂಕಿಗಳು ಭರದಿಂದ ಇಳಿಯುತ್ತವೆ, ಆಮೇಲೆ ತಡವರಿಸುತ್ತವೆ. ಹಲವು ವಾರ ಒಂದೇ ಅಂಕಿ ಮರಳಿ ಮರಳಿ ಬಂದಾಗ ಮರವು ಕೋಣೆಯ ಗಾಳಿಯೊಡನೆ ರಾಜಿಯಾಗಿದೆಯೆಂದು ತಿಳಿಯಬಹುದು.

ಆ ರಾಜಿಯೂ ಊರಿಂದೂರಿಗೆ ಬೇರೆ. ನೂರಕ್ಕೆ ೭೦ರ ಆರ್ದ್ರತೆಯಲ್ಲಿ ಮರದ ತೇವ ೧೩ರ ಸುಮಾರಿಗೆ ನಿಂತರೆ, ನಮ್ಮ ಬೇಸಿಗೆಯ ಬಯಲುಗಾಳಿಯಲ್ಲಿ ಅದು ನಾಲ್ಕೈದಕ್ಕೆ ಇಳಿಯುತ್ತದೆ. ಮಲೆನಾಡಿನಲ್ಲಿ ಕಡೆದು ತಂದ ಚೆಂದದ ಬೋಗುಣಿ ಇಂಡಿ-ಸಿಂದಗಿಗಳಲ್ಲಿ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಒಡೆದರೆ ಕಡೆದವನನ್ನು ಬೈಯುವುದು ಅನ್ಯಾಯ. ಚನ್ನಪಟ್ಟಣದವರು ಹಾಲೆಮರವನ್ನು ತಿಂಗಳುಗಟ್ಟಲೆ ಒಣಗಿಸಿಯೇ ಅರಗು ಹಚ್ಚುತ್ತಾರೆ. ಆದರೆ ಅವರ ಆಟಿಕೆಗಳು ಚಿಕ್ಕವು, ಚಿಕ್ಕದಕ್ಕೆ ಬಿರುಕಿನ ಭಯ ಕಡಿಮೆ. ೧೧೧೨ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯದ ಕಡೆದ ಕಂಬಗಳನ್ನು ನೋಡಿದಾಗ, ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಡುಸಾಗುವ ಬಳಪದ ಕಲ್ಲು ದೊರೆತ ಆ ಶಿಲ್ಪಿಗಳ ಮೇಲೆ ನನಗೆ ಅಸೂಯೆಯಾಗುತ್ತದೆ. ಕಲ್ಲು ಒಣಗಿ ಸೊಟ್ಟಗಾಗುವುದಿಲ್ಲ.

ಹಾಗಾದರೆ ಈ ಒಣನಾಡಿಗೆ ತಕ್ಕ ಮರ ಯಾವುದು? ರಸಿಕರು ಕೋಪಿಸಿಕೊಂಡರೂ ಸರಿ, ಬಳ್ಳಾರಿ ಜಾಲಿ ಎನ್ನುತ್ತೇನೆ. ಅಮೆರಿಕ ಖಂಡದಿಂದ ೧೮೭೭ರ ಸುಮಾರಿಗೆ ಕಡಪಾ ಸೀಮೆಗೆ ಬಂದು, ಹಳ್ಳದ ದಂಡೆ, ಗಾಂವಠಾಣ, ಬೀಳುಹೊಲಗಳನ್ನೆಲ್ಲ ಆಕ್ರಮಿಸಿದ ಈ ಮುಳ್ಳುಗಿಡಕ್ಕೆ ನಾವು ಕೊಟ್ಟ ಗೌರವ ಒಲೆ ಮತ್ತು ಇದ್ದಿಲು ಭಟ್ಟಿಗಳದು ಮಾತ್ರ. ಅದೇ ಕುಲದ ಮೆಸ್ಕಿಟ್ ಮರವನ್ನು ಟೆಕ್ಸಾಸ್ ಮತ್ತು ಅರಿಜೋನಾಗಳ ಕುಶಲಕರ್ಮಿಗಳು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ಸಾಗವಾನಿ ಹಸಿಯಿಂದ ಪೂರ್ಣ ಒಣಗುವಷ್ಟರಲ್ಲಿ ಒಂದು ದಿಕ್ಕಿಗೆ ನೂರಕ್ಕೆ ಎರಡೂವರೆ, ಇನ್ನೊಂದು ದಿಕ್ಕಿಗೆ ಆರರ ಹತ್ತಿರ ಕುಗ್ಗಿದರೆ, ಮೆಸ್ಕಿಟ್ ಎರಡೂ ದಿಕ್ಕಿಗೆ ಎರಡು-ಮೂರರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಎಳೆತ ಸಮವಾದುದರಿಂದ ಸೀಳು ಕಡಿಮೆ. ದೋಷಗಳಿಲ್ಲವೆಂದಲ್ಲ. ಬೊಡ್ಡೆ ಸೊಟ್ಟ, ಒಳಗೆಲ್ಲ ತೊಗಟೆಯ ಮಡಿಕೆ, ಹೊರಗಿನ ಹಳದಿ ಮರಕ್ಕೆ ಹುಳು. ಹುಡಿ ಮೂಗಿಗೆ ಹೋಗದಂತೆ ಟವೆಲ್ಲನ್ನಾದರೂ ಬಿಗಿದುಕೊಳ್ಳಬೇಕು. ಆದರೆ ದಂಡೆಯ ಮೇಲಿನ ಹಳೆಯ ಬೊಡ್ಡೆಯೊಂದು ಸಿಕ್ಕಿ, ಅದರ ಕೆಂಗಂದು ಕೆಚ್ಚು ಉಳಿಯ ಕೆಳಗೆ ತೆರೆದುಕೊಂಡಾಗ, ಬೀಟೆಯನ್ನು ನೆನೆಯುವ ಅಗತ್ಯ ಬೀಳುವುದಿಲ್ಲ.

ಎರಡನೆಯ ಬಾರಿ ಕಡೆದು ನುಣುಪು ಮಾಡಿದ ಬಟ್ಟಲಿಗೆ ಅಂಗಡಿಯ ವಾರ್ನಿಷ್ ಬೇಡ. ನಮ್ಮ ಗಾಣದ ಕುಸುಬಿ ಎಣ್ಣೆ ಸಾಕೆನ್ನುವವರುಂಟು. ಅದು ತಿಳಿಯಾಗಿ ಮರದ ಬಣ್ಣವನ್ನು ಕೆಡಿಸುವುದಿಲ್ಲ, ಆದರೆ ಗಟ್ಟಿಯಾಗಲು ತೀರ ಸಾವಕಾಶ. ಅಗಸೆ ಎಣ್ಣೆ ಅದಕ್ಕಿಂತ ಬೇಗ ಪೊರೆಗಟ್ಟುತ್ತದೆ. ವಾಸನೆ ಮಾತ್ರ ಕೆಲವು ವಾರ ಬಿಡುವುದಿಲ್ಲ. ನಾನು ಅಗಸೆಯ ಪಕ್ಷ. ತೆಳ್ಳಗೆ ಸವರಿ, ಹೆಚ್ಚಾದುದನ್ನು ಒರೆಸಿ, ಮುಟ್ಟಿದರೆ ಅಂಟದಂತಾದ ಮೇಲೆ ಇನ್ನೊಮ್ಮೆ ಸವರಬೇಕು. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅದು ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳುವುದುಂಟು, ಆದ್ದರಿಂದ ಹಗ್ಗದ ಮೇಲೆ ಹರವಿ ಒಣಗಿಸಿರಿ. ಅದಕ್ಕೆ ಹಿಪ್ಪರಗಿಯ ಬಿಸಿಲು ಧಾರಾಳವಾಗಿದೆ.