ನೀರು ಬರುವ ಮುಂಚಿನ ದುಡ್ಡು

ಬೆಂಗಳೂರಿನ ರಾಜಕಾಲುವೆಯೊಂದರ ದಡದ ಗಲ್ಲಿಯಲ್ಲಿ ನನ್ನ ಖಾಲಾ ಬಾಡಿಗೆಗಿದ್ದಾರೆ. ಅವರ ಮನೆಯ ಗೋಡೆಯಲ್ಲಿ ಮಂಡಿಯೆತ್ತರಕ್ಕೆ ಒಂದು ಕಂದು ಗೆರೆಯಿದೆ. ಎಷ್ಟು ಸುಣ್ಣ ಬಳಿದರೂ ಮತ್ತೆ ಎದ್ದು ಬರುತ್ತದೆ. ಮೋಡ ಕವಿದರೆ ಸಾಕು, ಅಕ್ಕಿ ಡಬ್ಬ, ರೇಷನ್ ಕಾರ್ಡು, ಮಕ್ಕಳ ಪುಸ್ತಕಗಳೆಲ್ಲ ಅಟ್ಟಕ್ಕೇರುತ್ತವೆ. ಅವರ ವಿಪತ್ತು ನಿರ್ವಹಣೆ ಇಷ್ಟೇ.

ಸರ್ಕಾರದಲ್ಲಿ ನಿಧಿ ಇಲ್ಲವೆಂದಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪರಿಹಾರಕ್ಕೆ ಒಂದು, ಅಪಾಯ ತಗ್ಗಿಸುವುದಕ್ಕೆ ಇನ್ನೊಂದು ನಿಧಿ ಇರಬೇಕೆಂದಿತು. ಎರಡನೆಯದು ರಾಷ್ಟ್ರಮಟ್ಟದಲ್ಲಿ ಸ್ಥಾಪನೆಯಾದದ್ದು 2021ರಲ್ಲಿ! ಉರ್ದು ಶಾಲೆಯಲ್ಲಿ ನಮಗೆ 'ಪೇಶ್‌ಬಂದಿ' ಎಂಬ ಪದ ಕಲಿಸಿದ್ದರು: ಆಪತ್ತಿಗೆ ಮುಂಚೆಯೇ ಮಾಡಿಕೊಳ್ಳುವ ಏರ್ಪಾಡು. ಆ ಪದಕ್ಕೆ ಹಣ ಹೊಂದಿಸಲು ಹದಿನಾರು ವರ್ಷ ಹಿಡಿಯಿತು. ಹೊಂದಿಸಿದಾಗಲೂ ಹದಿನೈದನೇ ಹಣಕಾಸು ಆಯೋಗದ ಲೆಕ್ಕದಲ್ಲಿ ಪರಿಹಾರದ ನಿಧಿಗೆ ಶೇ. 80, ಅಪಾಯ ತಗ್ಗಿಸಲು ಶೇ. 20. (ಆ ಎಂಬತ್ತರಲ್ಲಿ ಹತ್ತು ಪೂರ್ವಸಿದ್ಧತೆಗೆಂದು ಇದೆ ಎಂಬುದನ್ನೂ ಹೇಳಿಬಿಡಬೇಕು.)

ನಗರಗಳ ಪ್ರವಾಹ ತಡೆಗೆ ಅದೇ ಆಯೋಗ 2021-26ರ ಅವಧಿಗೆ ಏಳು ಮಹಾನಗರಗಳಿಗೆ 2,500 ಕೋಟಿ ರೂಪಾಯಿ ಶಿಫಾರಸು ಮಾಡಿತು. ಮುಂಬೈ, ಚೆನ್ನೈ, ಕೋಲ್ಕತಾಗಳಿಗೆ ತಲಾ 500 ಕೋಟಿ. ಬೆಂಗಳೂರು, ಹೈದರಾಬಾದ್, ಅಹಮದಾಬಾದ್, ಪುಣೆಗಳಿಗೆ ತಲಾ 250. ಬೆಂಗಳೂರಿನ ಯೋಜನೆಗೆ ಕೇಂದ್ರದ ಉನ್ನತ ಮಟ್ಟದ ಸಮಿತಿ ಒಪ್ಪಿದ್ದು 2024ರ ಜುಲೈನಲ್ಲಿ. ನಡುವೆ 2022ರ ಸೆಪ್ಟೆಂಬರ್ ಬಂದು ಹೋಗಿತ್ತು. ಹೊರವರ್ತುಲ ರಸ್ತೆಯ ಕಡೆ ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೊರಟ ಸಾಫ್ಟ್‌ವೇರ್ ಮಂದಿಯ ಚಿತ್ರ ದೇಶವೆಲ್ಲ ನೋಡಿತು. ಅವರ ಕಷ್ಟವೂ ಕಷ್ಟವೇ. ಆದರೆ ಪ್ರತಿವರ್ಷ ನೀರು ನುಗ್ಗುವ ಗಲ್ಲಿ ಸುದ್ದಿಯಾಗುವುದಿಲ್ಲ, ಸುದ್ದಿಯಾಗದ್ದು ಯೋಜನೆಯ ನಕಾಶೆಗೂ ಸುಲಭವಾಗಿ ಬರುವುದಿಲ್ಲ.

ಕಾಲುವೆಯನ್ನು ನುಂಗಿದವರು ಕೊಳೆಗೇರಿಯವರೇ ಎಂಬ ಮಾತು ಬೇರೆ. ಮಹಾಲೇಖಪಾಲರ ವರದಿಯ ಪ್ರಕಾರ ಕೋರಮಂಗಲ ಕಣಿವೆಯಲ್ಲಿ ಕಳೆದ ಶತಮಾನದ ಆರಂಭದಲ್ಲಿ 113.24 ಕಿ.ಮೀ. ಇದ್ದ ಕಾಲುವೆಗಳು 2016-17ರ ಹೊತ್ತಿಗೆ 62.84 ಕಿ.ಮೀ.ಗೆ ಇಳಿದಿದ್ದವು. ವೃಷಭಾವತಿ ಕಣಿವೆಯಲ್ಲಿ 226.29 ಇದ್ದದ್ದು 111.72 ಆಗಿತ್ತು. ಇಷ್ಟನ್ನು ತಗಡಿನ ಶೆಡ್ಡುಗಳು ನುಂಗಿದವೆಂದರೆ ನಂಬುವುದು ಹೇಗೆ? ಬಡಾವಣೆ, ರಸ್ತೆ, ದೊಡ್ಡ ಕಟ್ಟಡಗಳ ಅಡಿಯಲ್ಲಿ ಹುಡುಕಬೇಕು.

ಪರಿಹಾರದ ನಿಯಮವನ್ನೂ ನೋಡಿ. ಕೇಂದ್ರದ 2022-26ರ ಮಾನದಂಡದಲ್ಲಿ ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ ರೂಪಾಯಿ, ಗುಡಿಸಲಿಗೆ 8,000. ಜೊತೆಗೆ, ಹಾನಿಯಾದ ಮನೆ ಅಧಿಕೃತವೆಂದು ಸರ್ಕಾರದ ಸಕ್ಷಮ ಪ್ರಾಧಿಕಾರ ದೃಢೀಕರಿಸಬೇಕೆಂಬ ಷರತ್ತು. ಕಥೆ ಬರೆಯುವವನಾದ್ದರಿಂದ ನನಗೆ ಪದಗಳ ಮೇಲೆಯೇ ಕಣ್ಣು. 'ಅಧಿಕೃತ' ಎಂಬ ಈ ಒಂದು ಪದ ಕಾಲುವೆ ದಡದ ಅರ್ಧ ಜನರನ್ನು ಹೊರಗಿಡಬಲ್ಲದು. ಬಾಡಿಗೆದಾರರ ಪಾಡು ಕೇಳುವುದೇ ಬೇಡ. ಮನೆ ಬಿದ್ದರೆ ಹಣ ಮಾಲೀಕನಿಗೆ, ಬೀದಿ ಇವರಿಗೆ.

ನನ್ನ ಆತಂಕ ಬೇರೆಯೇ ಇದೆ. ಅಪಾಯ ತಗ್ಗಿಸುವ ಹಣದಿಂದ ತಡೆಗೋಡೆ ಕಟ್ಟಬಹುದು, ಹೂಳೆತ್ತಬಹುದು. ಅದೇ ಹೆಸರಿನಲ್ಲಿ ದಡದ ಮನೆಗಳನ್ನು ತೆರವುಗೊಳಿಸಿ, ಜನರನ್ನು ಕೂಲಿಯೂ ಶಾಲೆಯೂ ಇಲ್ಲದ ಊರಾಚೆಗೆ ಅಟ್ಟಲೂಬಹುದು. ಅಪಾಯವೇನೋ ತಗ್ಗುತ್ತದೆ, ನಗರದ ಲೆಕ್ಕದಲ್ಲಿ. ಯಾವ ವಾರ್ಡಿನಲ್ಲಿ ಎಷ್ಟು ಖರ್ಚು, ಯಾವ ಮನೆಗೆ ಏನಾಗುತ್ತದೆ ಎಂಬ ಪಟ್ಟಿಯನ್ನು ಕೆಲಸಕ್ಕೆ ಮುಂಚೆ ಕನ್ನಡದಲ್ಲಿ ಅಲ್ಲಿನ ಗೋಡೆಗೇ ಅಂಟಿಸಲಿ.

ಕಳೆದ ಸಲ ಹೋದಾಗ ಖಾಲಾರ ಗೋಡೆಯ ಕಂದು ಗೆರೆಯ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋಗಿದ್ದರು. "ಇದು ಗೋಡೆ ಕಟ್ಟೋಕಾ ಬೇಟಾ, ಮನೆ ಕೆಡವೋಕಾ?" ಎಂದು ಕೇಳಿದರು. ಗಲ್ಲಿಯಲ್ಲಿ ನಾಲ್ಕು ಮನೆಗೆ ಹೋಗಿ ವಿಚಾರಿಸಿದೆ. ಅದೇ ಪ್ರಶ್ನೆಯನ್ನು ಅವರೂ ನನ್ನನ್ನೇ ಕೇಳಿದರು.