ವಕೀಲರ ಸಿಟ್ಟು ಮತ್ತು ಶಿಸ್ತಿನ ಅಧಿಕಾರ

ಭಾರತೀಯ ವಕೀಲರ ಪರಿಷತ್ತಿನ ನಡತೆಯ ನಿಯಮಗಳು ನ್ಯಾಯಾಲಯದಲ್ಲಿ ವಕೀಲನು ನಾಲಿಗೆ ಹರಿಯಬಿಡುವುದನ್ನು ಕರ್ತವ್ಯಲೋಪವೆಂದೇ ಎಣಿಸುತ್ತವೆ. ವಕೀಲನು ತನ್ನನ್ನು ಕಕ್ಷಿದಾರನ ಬರಿಯ ಬಾಯಿಯೆಂದು ತಿಳಿಯದೆ, ವಾದದಲ್ಲೂ ಬರಹದಲ್ಲೂ ಸ್ವಂತ ವಿವೇಚನೆಯಿಂದ ಸಂಯಮದ ಮಾತನ್ನು ಬಳಸಬೇಕೆಂದು ವಿಧಿಸುವ ಈ ನಿಯಮಗಳು, ಅವನು ದೈನ್ಯದಿಂದ ನಡೆದುಕೊಳ್ಳಕೂಡದೆಂದೂ, ನ್ಯಾಯಾಧೀಶರ ಮೇಲೆ ಸಕಾರಣವಾದ ದೂರಿದ್ದರೆ ಅದನ್ನು ತಕ್ಕವರಿಗೆ ಸಲ್ಲಿಸುವುದು ಅವನ ಹಕ್ಕೂ ಕರ್ತವ್ಯವೂ ಹೌದೆಂದೂ ಹೇಳುತ್ತವೆ. ನಿರ್ಭೀತಿಯನ್ನೂ ಸಂಯಮವನ್ನೂ ಒಟ್ಟಿಗೆ ಬೇಡುವ ಈ ನಿಯಮಗಳು ಸಮತೂಕದವಾಗಿದ್ದರೂ ಅವನ್ನು ಜಾರಿಗೊಳಿಸುವ ವ್ಯವಸ್ಥೆ ಹಾಗಿಲ್ಲ.

1994ರಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯದ ಕಲಾಪದ ನಡುವೆ ನ್ಯಾಯಮೂರ್ತಿಯೊಬ್ಬರ ಪ್ರಶ್ನೆಗೆ ಕೆರಳಿ ಅವರನ್ನು ಬೆದರಿಸಿದ ಆರೋಪಕ್ಕೆ ಗುರಿಯಾದ ವಿನಯ ಚಂದ್ರ ಮಿಶ್ರ, ಆಗ ಭಾರತೀಯ ವಕೀಲರ ಪರಿಷತ್ತಿನ ಅಧ್ಯಕ್ಷರೇ ಆಗಿದ್ದರು. ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಅವರನ್ನು ನ್ಯಾಯಾಂಗ ನಿಂದನೆಯ, ಎಂದರೆ ನ್ಯಾಯಾಲಯದ ಅಧಿಕಾರಕ್ಕೆ ಕುಂದು ತಂದ ಅಪರಾಧದ, ದೋಷಿಯೆಂದು ತೀರ್ಮಾನಿಸಿ, ಆರು ವಾರಗಳ ಸಜೆಯನ್ನು ಅಮಾನತಿನಲ್ಲಿಟ್ಟು, ಮೂರು ವರ್ಷ ವಕೀಲಿ ನಡೆಸದಂತೆ ತಡೆಯಿತು. ಆದರೆ 1998ರಲ್ಲಿ ಅದೇ ನ್ಯಾಯಾಲಯದ ಸಂವಿಧಾನ ಪೀಠವು, ಸನ್ನದನ್ನು, ಎಂದರೆ ವಕೀಲಿ ನಡೆಸುವ ಪರವಾನಗಿಯನ್ನು, ಅಮಾನತುಗೊಳಿಸುವ ಅಧಿಕಾರ 1961ರ ವಕೀಲರ ಅಧಿನಿಯಮದಂತೆ ವಕೀಲರ ಪರಿಷತ್ತುಗಳಿಗೆ ಸೇರಿದ್ದು, ನಿಂದನೆಯ ಶಿಕ್ಷೆಯಾಗಿ ಅದನ್ನು ನೇರವಾಗಿ ಬಳಸಲಾಗದು ಎಂದು ಹೇಳಿ ಆ ನಿಲುವನ್ನು ತಿದ್ದಿತು.

ಕಟುವಾಗಿ ವಾದಿಸಿದವನ ಅನ್ನವನ್ನು ಕೆರಳಿದ ನ್ಯಾಯಪೀಠವೇ ಕಸಿಯದಂತೆ ಕಾಯುವ ಈ ತೀರ್ಪು ತತ್ತ್ವದ ದೃಷ್ಟಿಯಿಂದ ಸರಿಯಾದದ್ದೇ. ಆದರೆ ಅದು ಹೊಣೆಯನ್ನು ಒಪ್ಪಿಸಿದ ಪರಿಷತ್ತಿನ ಶಿಸ್ತು ಸಮಿತಿಯಲ್ಲಿ ಪರಿಷತ್ತಿನ ಇಬ್ಬರು ಸದಸ್ಯರೂ ಹೊರಗಿನಿಂದ ಸೇರಿಸಿಕೊಂಡ ಒಬ್ಬ ವಕೀಲರೂ ಇರುತ್ತಾರೆಯೇ ಹೊರತು ಕಕ್ಷಿದಾರರ ಅಥವಾ ಸಾರ್ವಜನಿಕರ ಪರವಾಗಿ ಯಾರೂ ಇರುವುದಿಲ್ಲ. ರಾಜ್ಯ ಪರಿಷತ್ತುಗಳ ಚುನಾಯಿತ ಸದಸ್ಯರಂತೂ ತಾವು ವಿಚಾರಿಸಬೇಕಾದ ವಕೀಲರ ಮತದಿಂದಲೇ ಆರಿಸಿಬಂದವರು.

ಇನ್ನೊಂದೆಡೆ, ನ್ಯಾಯಾಲಯದ ಕೈಯಲ್ಲುಳಿದ ನಿಂದನೆಯ ಅಸ್ತ್ರವು ಪೀಠದ ಅಧಿಕಾರವನ್ನು ಕಾಯುವುದಕ್ಕಾಗಿ ಇರುವುದರಿಂದ, ಪಾಟಿ ಸವಾಲಿನಲ್ಲಿ, ಎಂದರೆ ಎದುರು ಪಕ್ಷದ ವಕೀಲನು ಸಾಕ್ಷಿಯನ್ನು ಪ್ರಶ್ನಿಸುವ ಘಟ್ಟದಲ್ಲಿ, ಗದರಿಕೆಗೆ ತುತ್ತಾದ ಸಾಕ್ಷಿಗೆ ಅದರಿಂದ ಸಿಗುವ ರಕ್ಷಣೆ ಕಡಿಮೆ. ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶದ ಪ್ರಶ್ನೆಗಳನ್ನು ನ್ಯಾಯಾಲಯವು ತಡೆಯಲೇಬೇಕೆಂದು 1872ರ ಸಾಕ್ಷ್ಯ ಅಧಿನಿಯಮದ 152ನೇ ಕಲಮು ವಿಧಿಸಿತ್ತು, 2023ರ ಹೊಸ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ಆದರೆ ಆ ತಡೆ ಒಂದು ಪ್ರಶ್ನೆಯನ್ನು ನಿಲ್ಲಿಸುತ್ತದೆಯೇ ಹೊರತು ಕೇಳಿದವನ ನಡತೆಯನ್ನು ವಿಚಾರಣೆಗೆ ಒಳಪಡಿಸುವುದಿಲ್ಲ. ಆದ್ದರಿಂದ ಸನ್ನದಿನ ಅಧಿಕಾರ ಪರಿಷತ್ತಿನಲ್ಲೇ ಉಳಿಯುವುದು ಉಚಿತವಾದರೂ, ಶಿಸ್ತು ಸಮಿತಿಯಲ್ಲಿ ವಕೀಲರಲ್ಲದವರಿಗೂ ಸ್ಥಾನ ದೊರೆಯುವವರೆಗೆ, ನ್ಯಾಯಮೂರ್ತಿಯ ಮೇಲೆ ಹರಿದ ಸಿಟ್ಟಿಗೆ ಸಿಗುವ ಗಮನ ಸಾಕ್ಷಿಯ ಮೇಲೆ ಹರಿದ ಸಿಟ್ಟಿಗೆ ಸಿಗಲಾರದು.